ಸಕ್ಕರೆ ಶಿಬಿರದಲ್ಲಿ ಚಪ್ಪಲಿ ಬಿಚ್ಚಿಸಿ

ಮಾನ್ಯ ಸಂಪಾದಕರೇ,

ಕಳೆದ ಆಷಾಢದ ಮಳೆಯಲ್ಲಿ ನಮ್ಮ ಭಾವ ತೋಟದಿಂದ ನೆನೆದು ಬಂದವರು ಬಚ್ಚಲ ಒಲೆಯ ಮುಂದೆ ಕಾಲು ಚಾಚಿ ಕೂತಿದ್ದರು. ಅಕ್ಕ ಕಾಫಿ ತರುವಷ್ಟರಲ್ಲಿ ಹೆಬ್ಬೆರಳ ಪಕ್ಕ ದೊಡ್ಡ ಬೊಕ್ಕೆ ಎದ್ದಿತ್ತು. ‘ಎಂತ ಆಗ್ಲಿಲ್ಲ ಮಾರಾಯ, ನೋವೇ ಇಲ್ಲ’ ಎಂದರು ನನಗೆ. ಹನ್ನೆರಡು ವರ್ಷದ ಸಕ್ಕರೆ ಕಾಯಿಲೆಯವರು. ಆ ಗಾಯ ಮಾಗಲು ದೀಪಾವಳಿ ಬರಬೇಕಾಯಿತು.

ನೋವಿಲ್ಲ ಎಂಬುದೇ ಅಲ್ಲಿನ ರೋಗ: ಸಕ್ಕರೆ ಕಾಯಿಲೆ ಪಾದದ ನರವನ್ನು ಕೆಡಿಸಿತ್ತು. ಆದರೆ ಅದನ್ನು ಅವರಿಗೆ ಹೇಳುವುದು ಕಷ್ಟವಾಯಿತು. ‘ನರ ಸರಿ ಇಲ್ಲದಿದ್ದರೆ ಗುಡ್ಡ ಹತ್ತಲಿಕ್ಕೆ ಆಗ್ತಿತ್ತಾ?’ ಎಂಬುದು ಅವರ ವಾದ. ನಮ್ಮಲ್ಲಿ ‘ನರ’ ಎಂಬ ಒಂದೇ ಮಾತಿಗೆ ನೂರು ಕೆಲಸ. ಡ್ರಿಪ್ ಹಾಕುವವರೂ ರಕ್ತನಾಳಕ್ಕೆ ‘ನರ ಸಿಗ್ತಿಲ್ಲ’ ಎನ್ನುತ್ತಾರೆ. ಗುಡ್ಡ ಹತ್ತಿಸುವುದು ಮಿದುಳಿನ ಅಪ್ಪಣೆಯನ್ನು ಸ್ನಾಯುವಿಗೆ ಒಯ್ಯುವ ನರ. ಬಿಸಿ, ಮುಳ್ಳು, ಸ್ಪರ್ಶದ ಸುದ್ದಿಯನ್ನು ಪಾದದಿಂದ ಮೇಲಕ್ಕೆ ತರುವ ಸಂವೇದನಾ ನರವೇ ಬೇರೆ. ಒಂದು ಕೆಟ್ಟರೂ ಇನ್ನೊಂದು ಬಹುಕಾಲ ನಡೆಯುತ್ತದೆ.

ಈ ಸಂವೇದನಾ ನರಕೋಶ ಕೂತಿರುವುದು ಬೆನ್ನುಹುರಿಯ ಹೊರಗೆ, ಅದರ ಮಗ್ಗುಲಿನ ಪುಟ್ಟ ಗಂಟಿನಲ್ಲಿ. ಅಲ್ಲಿಂದ ಒಂದು ಎಳೆ ಹೆಬ್ಬೆರಳ ತುದಿಯವರೆಗೆ ಇಳಿದಿದೆ, ಸುಮಾರು ಒಂದು ಮೀಟರ್. ಇನ್ನೊಂದು ಬೆನ್ನುಹುರಿಯನ್ನು ಹೊಕ್ಕಿದೆ. ಹಗುರ ಸ್ಪರ್ಶದ ಸುದ್ದಿ ಸೆಕೆಂಡಿಗೆ 35ರಿಂದ 75 ಮೀಟರ್ ಓಡುತ್ತದೆ. ಚುರುಕ್ಕೆನ್ನುವ ನೋವು 5ರಿಂದ 30 ಮೀಟರ್. ಆಮೇಲೆ ಬರುವ ಉರಿ ಬರೀ ಅರ್ಧದಿಂದ 2 ಮೀಟರ್. ಕಲ್ಲು ಎಡವಿದಾಗ ಮೊದಲು ಚುರುಕ್, ಸ್ವಲ್ಪ ತಡೆದು ಉರಿ ಬರುವುದು ಇದಕ್ಕೇ. ಕೆಂಡ ತಾಗಿದರೆ ಮಿದುಳಿಗೆ ತಿಳಿಯುವ ಮೊದಲೇ ಬೆನ್ನುಹುರಿ ಕಾಲನ್ನು ಹಿಂದಕ್ಕೆ ಎಳೆಸುತ್ತದೆ. ಭಾವನ ಬೆರಳಿನಿಂದ ಸುದ್ದಿಯೇ ಹೊರಡಲಿಲ್ಲ. ಬೆನ್ನುಹುರಿ ಎಳೆಸುವುದಾದರೂ ಏನನ್ನು? ಅಷ್ಟು ಉದ್ದದ ಎಳೆಯನ್ನು ಒಂದೇ ಕೋಶ ಸಾಕಬೇಕು. ಅದಕ್ಕೇ ಸಕ್ಕರೆಯ ಪೆಟ್ಟು ಮೊದಲು ಬೀಳುವುದು ಅತಿ ದೂರದ ತುದಿಗೆ, ಕಾಲ್ಬೆರಳಿಗೆ. ಆಮೇಲೆ ಅದು ಕಾಲುಚೀಲದಂತೆ ಮೇಲೇರುತ್ತದೆ.

ಪ್ರತಿ ನವೆಂಬರ್ 14ಕ್ಕೆ ಮಧುಮೇಹ ದಿನವೆಂದು ನಮ್ಮೂರ ಕಡೆ ಶಿಬಿರ ನಡೆಯುತ್ತದೆ. ಬೆರಳು ಚುಚ್ಚಿ, ಚೀಟಿಯಲ್ಲಿ ಅಂಕಿ ಬರೆದು ಕಳಿಸುತ್ತಾರೆ. ಭಾವ ಮೂರು ಸಲ ಹೋಗಿ ಬಂದಿದ್ದಾರೆ, ಒಮ್ಮೆಯೂ ಯಾರೂ ‘ಚಪ್ಪಲಿ ಬಿಚ್ಚಿ’ ಎನ್ನಲಿಲ್ಲ. ಕೆಸರಲ್ಲಿ ಬರಿಗಾಲಲ್ಲಿ ಓಡಾಡುವ ಅಡಿಕೆ ತೋಟದವರ ಪಾದ ನೋಡದಿದ್ದರೆ ಇನ್ನು ಯಾರದ್ದು ನೋಡುತ್ತಾರೆ? ಬೇಕಿರುವುದು ಪಾದಕ್ಕೆ ಸ್ಪರ್ಶ ತಿಳಿಯುತ್ತದೆಯೇ ನೋಡಲು 10 ಗ್ರಾಂ ಒತ್ತಡಕ್ಕೆ ಬಾಗುವ ಒಂದು ನೈಲಾನ್ ಎಳೆ, ಕಂಪನ ತಿಳಿಯುತ್ತದೆಯೇ ನೋಡಲು 128 ಹರ್ಟ್ಸ್‌ನ ಟ್ಯೂನಿಂಗ್ ಫೋರ್ಕ್ (ಬಡಿದರೆ ಕಂಪಿಸುವ ಲೋಹದ ಕವಲು), ಐದು ನಿಮಿಷ. ವರ್ಷಕ್ಕೊಮ್ಮೆಯಾದರೂ ಈ ಪರೀಕ್ಷೆ ಆಗಬೇಕು. ಶಿಬಿರ ನಡೆಸುವವರು ಈ ಬಾರಿ ಮಾಡಿಸಲಿ.

ಅಲ್ಲಿಯವರೆಗೆ ಮನೆಯಲ್ಲೇ ನೋಡಬಹುದು. ಕಣ್ಣು ಮುಚ್ಚಿಸಿ, ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಿ. ಒತ್ತಬಾರದು, ಎರಡನೇ ಸಲ ಮುಟ್ಟಬಾರದು. ಆರರಲ್ಲಿ ಎರಡು ತಿಳಿಯದಿದ್ದರೂ ವೈದ್ಯರಿಗೆ ತೋರಿಸಿ. ನಮ್ಮ ಭಾವನಿಗೆ ನಾಲ್ಕು ತಿಳಿಯಲಿಲ್ಲ.

– ನಿವೃತ್ತ ವಿಜ್ಞಾನ ಶಿಕ್ಷಕ, ತೀರ್ಥಹಳ್ಳಿ ತಾಲ್ಲೂಕು