ಒಡೆಯರು ಬರೆಸಿದ್ದಲ್ಲ, ಹಾಡಿಸಿದ್ದು

ಮಾನ್ಯ ಸಂಪಾದಕರೇ,

ಜಯಚಾಮರಾಜ ಒಡೆಯರ ಸಂಗೀತಪ್ರೇಮದ ಮಾತು ಬಂದಾಗ ಜರ್ಮನಿಯ ಸಂಗೀತ ರಚನಕಾರ ರಿಚರ್ಡ್ ಸ್ಟ್ರಾಸ್ ಅವರ ‘ನಾಲ್ಕು ಕೊನೆಯ ಗೀತೆಗಳು’ ಪ್ರಸ್ತಾಪವಾಗುವುದು ಸಂತೋಷದ ಸಂಗತಿ. ಆದರೆ ಅವುಗಳನ್ನು ಮಹಾರಾಜರೇ ಬರೆಸಿದರು ಎಂಬ ಅರ್ಥ ಬರಬಾರದು. ಸ್ಟ್ರಾಸ್ ಅವನ್ನು 1948ರಲ್ಲಿ, ಸ್ವಿಟ್ಜರ್ಲೆಂಡಿನಲ್ಲಿದ್ದಾಗ, ತಮ್ಮ ಇಚ್ಛೆಯಿಂದಲೇ ಬರೆದರು. ಅರ್ಪಣೆಗಳಲ್ಲಿ ಒಡೆಯರ ಹೆಸರಿಲ್ಲ. ಮಹಾರಾಜರು ನೆರವಾದದ್ದು 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನಡೆದ ಮೊದಲ ಪ್ರಯೋಗಕ್ಕೆ. ಅದರ ಖರ್ಚಿಗೆ ಹೊಣೆ ನಿಂತವರು ಅವರು. ಸ್ಟ್ರಾಸ್ ತೀರಿಕೊಂಡು ಆಗಲೇ ಎಂಟು ತಿಂಗಳಾಗಿತ್ತು. ಸ್ಟ್ರಾಸ್ ಬಯಸಿದ್ದ ಗಾಯಕಿ ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಅವರೇ ಹಾಡಿದರು. ಫಿಲ್‌ಹಾರ್ಮೋನಿಯಾ ವಾದ್ಯವೃಂದವನ್ನು ಫುರ್ಟ್‌ವೆಂಗ್ಲರ್ ನಡೆಸಿದರು.

‘ಕೊನೆಯ’ ಎಂಬ ಮಾತೂ ಸ್ಟ್ರಾಸ್ ಅವರದಲ್ಲ, ಪ್ರಕಾಶಕ ಅರ್ನ್‌ಸ್ಟ್ ರೋಟ್ ಇಟ್ಟದ್ದು. ಈ ನಾಲ್ಕರ ನಂತರ, 1948ರ ನವೆಂಬರ್‌ನಲ್ಲಿ, ಸ್ಟ್ರಾಸ್ ‘ಮಾಲ್ವೆನ್’ ಎಂಬ ಇನ್ನೊಂದು ಹಾಡು ಬರೆದಿದ್ದರು. ಈಗ ಕೇಳುವ ಕ್ರಮ, ಅಂದರೆ ವಸಂತ, ಸೆಪ್ಟೆಂಬರ್, ಮಲಗುವ ಹೊತ್ತು, ಸಂಜೆಗೆಂಪು, ಇದೂ ಪ್ರಕಾಶಕರದೇ. ಮೊದಲು ಬರೆದದ್ದು ಸಂಜೆಗೆಂಪು. ಅದರ ಕವಿ ಐಖೆನ್‌ಡಾರ್ಫ್. ಉಳಿದ ಮೂರರ ಕವಿ ಹರ್ಮನ್ ಹೆಸ್ಸೆ. ಲಂಡನ್ನಿನಲ್ಲಿ ಹಾಡಿದ ಕ್ರಮವೂ ಬೇರೆಯೇ, ‘ವಸಂತ’ ಮೂರನೆಯದಾಗಿತ್ತು. ಹಾಡುವವರಿಗೆ ಇದು ಮುಖ್ಯ. ಆ ಹಾಡು ತಗ್ಗಿನಲ್ಲಿ ಶುರುವಾಗಿ ಬಹುಬೇಗ ತಾರಸ್ಥಾಯಿಗೆ ಏರುತ್ತದೆ. ಕಂಠ ಹದಗೊಳ್ಳುವ ಮುನ್ನ ಅದನ್ನೇ ಮೊದಲು ಎತ್ತಿಕೊಂಡರೆ ಮೇಲಿನ ಸ್ವರ ಬಿಗಿಯುತ್ತದೆ.

ಹೆಚ್ಚು ಎಡವುವುದು ‘ಮಲಗುವ ಹೊತ್ತಿ’ನಲ್ಲಿ. ಕೊನೆಯ ಪದ್ಯಕ್ಕೆ ಮುಂಚೆ ಒಂಟಿ ಪಿಟೀಲು ದೀರ್ಘವಾದ ಮಟ್ಟೊಂದನ್ನು ನುಡಿಸುತ್ತದೆ, ಕಂಠ ಅದನ್ನೇ ಎತ್ತಿಕೊಳ್ಳುತ್ತದೆ. ಪಿಟೀಲಿನವರು ಭಾವುಕರಾಗಿ ನಿಧಾನಿಸಿದರೆ ಗಾಯಕಿಯೂ ಅದೇ ಗತಿಯಲ್ಲಿ ಹಾಡಬೇಕು. ಕಮಾನಿಗೆ ಉಸಿರಿನ ಚಿಂತೆಯಿಲ್ಲ, ಆಕೆಗೆ ಇದೆ. ಸಾಲು ನಡುವೆಯೇ ತುಂಡಾಗುತ್ತದೆ. ಗತಿಯನ್ನು ಗಾಯಕಿಯ ಉಸಿರಿಗೆ ತಕ್ಕಂತೆ ಮೊದಲೇ ಗೊತ್ತುಮಾಡಿಕೊಳ್ಳಬೇಕು.

ವಾದ್ಯವೃಂದ ಸಿಗದೆ ಪಿಯಾನೊ ಇಟ್ಟುಕೊಂಡು ಹಾಡಿಸುವ ಸಂಘಟಕರು ಒಂದು ವಿಷಯ ಗಮನಿಸಬೇಕು. ಪಿಯಾನೊದಲ್ಲಿ ಒತ್ತಿದ ಸ್ವರ ಕೂಡಲೇ ಇಳಿಯತೊಡಗುತ್ತದೆ, ಕಮಾನಿನಿಂದ ನುಡಿಸುವ ತಂತಿವಾದ್ಯಗಳಂತೆ ತುಂಬಿ ನಿಲ್ಲುವುದಿಲ್ಲ. ‘ಸೆಪ್ಟೆಂಬರ್’ ಮುಗಿಯುವುದು ಹಾರ್ನ್ ಎಂಬ ಹಿತ್ತಾಳೆ ಊದುವಾದ್ಯದ ಒಂಟಿ ದನಿಯಲ್ಲಿ (ಸ್ಟ್ರಾಸ್ ಅವರ ತಂದೆ ಮ್ಯೂನಿಕ್ಕಿನ ಹೆಸರಾಂತ ಹಾರ್ನ್ ವಾದಕರು). ಪಿಯಾನೊದಲ್ಲಿ ಆ ನಾದದ ಬಣ್ಣವೂ ಹೋಗುತ್ತದೆ. ಅದರ ಬದಲು, 1894ರಲ್ಲಿ ಸ್ಟ್ರಾಸ್ ಮದುವೆಯ ಉಡುಗೊರೆಯಾಗಿ ಪತ್ನಿ ಪೌಲೀನೆಗೆ ಕೊಟ್ಟ ನಾಲ್ಕು ಹಾಡುಗಳನ್ನು ಆರಿಸಿಕೊಳ್ಳಲಿ. ಅವನ್ನು ಬರೆದದ್ದೇ ಪಿಯಾನೊಗೆ. ಅವುಗಳಲ್ಲಿ ‘ಮೋರ್ಗೆನ್’, ಅಂದರೆ ‘ನಾಳೆ’, ನಮ್ಮ ಸುಗಮ ಸಂಗೀತದ ಕಿವಿಗೂ ಬೇಗ ಒಗ್ಗುತ್ತದೆ.

ಶ್ರೋತೃಗಳಲ್ಲೊಂದು ಕೋರಿಕೆ. ಸಂಜೆಗೆಂಪಿನ ಕೊನೆಯಲ್ಲಿ ‘ಇದೇ ಏನು ಸಾವು?’ ಎಂದು ಕೇಳಿ ಕಂಠ ನಿಂತಾಗ ಚಪ್ಪಾಳೆ ಬೇಡ. ಸ್ಟ್ರಾಸ್ ಈ ಹಾಡಿಗೂ ಸುಮಾರು 60 ವರ್ಷ ಮೊದಲು ‘ಮರಣ ಮತ್ತು ರೂಪಾಂತರ’ ಕೃತಿಗೆ ಕಟ್ಟಿದ್ದ ಮಟ್ಟನ್ನು ವಾದ್ಯಗಳು ಆಗ ನೆನೆಯುತ್ತವೆ. ಆಮೇಲೆ ಬಾನಾಡಿಗಳ ಉಲಿಯಂತೆ ಕೊಳಲುಗಳ ಕಂಪನ ಇನ್ನೂ ಬರಲಿಕ್ಕಿದೆ.

– ಓದುಗ, ಮೈಸೂರು