ಸಾಕಿದ ಕೋಳಿಗೂ ಆರೈಕೆ ಬೇಕು

ಸಂಪಾದಕರೇ,

ನಾಯಿ, ಬೆಕ್ಕಿನ ಆರೈಕೆ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಮುದ್ದಿನಿಂದ ಸಾಕಿದ ಕೋಳಿ ಹುಷಾರು ತಪ್ಪಿದರೆ? 'ಕೋಳಿ ತಾನೇ, ಕೊಯ್ದುಬಿಡಿ' ಅನ್ನುವವರೇ ಜಾಸ್ತಿ.

ಕೋಳಿ ತನ್ನ ನೋವನ್ನು ಆದಷ್ಟೂ ಮುಚ್ಚಿಡುತ್ತದೆ, ಯಾಕೆಂದರೆ ಸೊರಗಿದ್ದು ಕಂಡರೆ ಜೊತೆಯ ಕೋಳಿಗಳೇ ಕುಕ್ಕಿ ಓಡಿಸುತ್ತವೆ. ಹಾಗಾಗಿ ಅದು ಪುಕ್ಕ ಉಬ್ಬಿಸಿ, ಕಣ್ಣು ಅರೆಮುಚ್ಚಿ, ಬಾಲ ಇಳಿಬಿಟ್ಟು ಮೂಲೆಯಲ್ಲಿ ಕೂತಿದೆ ಅಂದರೆ ಕಾಯಿಲೆ ಆಗಲೇ ಬಲಿತಿರಬಹುದು. ಮೊದಲು ಬೇರೆ ಮಾಡಿ, ಗಲಾಟೆ ಇಲ್ಲದ ಕಡೆ ಬೆಚ್ಚಗೆ ಇಡಿ. ಮೈ ಬಿಸಿ ಇದೆ, ಜ್ವರ ಅಂತ ಸುಮ್ನೆ ಗಾಬರಿಯಾಗಬೇಡಿ, ಆರೋಗ್ಯವಾಗಿರುವ ಕೋಳಿಯ ಮೈಶಾಖವೇ 41 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಬೆಳಿಗ್ಗೆ ಕಾಳು ಹಾಕುವ ಮುಂಚೆ ಕತ್ತಿನ ಬುಡದಲ್ಲಿ ಮೇವು ಸೇರುವ ಚೀಲ ಮುಟ್ಟಿ ನೋಡಿ. ಅದು ಖಾಲಿ ಇರಬೇಕು. ಗಟ್ಟಿಯಾಗಿಯೋ ಬಲೂನಿನ ಹಾಗೋ ಇದ್ದರೆ ಡಾಕ್ಟರಿಗೆ ತೋರಿಸಿ.

ಬಾಯಿ ಬಿಡಿಸಿ ನೀರು ಸುರಿಯುವುದಂತೂ ಬೇಡವೇ ಬೇಡ. ಉಸಿರು ಹೋಗುವ ತೂತು ನಾಲಿಗೆಯ ಬುಡದಲ್ಲೇ ಇರುತ್ತದೆ, ನೀರು ಸೀದಾ ಶ್ವಾಸಕೋಶಕ್ಕೆ ಇಳಿದುಬಿಡುತ್ತದೆ. ಕೊಕ್ಕಿನ ಅಂಚಿಗೆ ಒಂದೊಂದೇ ಹನಿ ಸೋಕಿಸಿ, ಅದೇ ನುಂಗುತ್ತದೆ. ಔಷಧ ಕೊಟ್ಟಿದ್ದರೆ ಡಾಕ್ಟರ್ ಹೇಳುವವರೆಗೆ ಮೊಟ್ಟೆ ತಿನ್ನಬೇಡಿ.

ಉಳಿಯುವುದಿಲ್ಲ ಅಂತ ಗೊತ್ತಾದ ಮೇಲೆ ದಿನಗಟ್ಟಲೆ ನರಳಿಸುವುದು ಪ್ರೀತಿ ಅಲ್ಲ, ಇದು ನನ್ನ ಅಭಿಪ್ರಾಯ. ನೋವಿಲ್ಲದೆ ಕಳಿಸಿಕೊಡಲು ಪಶುವೈದ್ಯರನ್ನು ಕೇಳಬಹುದು, ಅದರಲ್ಲಿ ನಾಚಿಕೆ ಏನಿದೆ? ಆದರೆ ಒಂದರ ಹಿಂದೊಂದು ಕೋಳಿ ಸಾಯುತ್ತಿದ್ದರೆ ಮಾತು ಬೇರೆ. ಹಕ್ಕಿಜ್ವರವೂ ಇರಬಹುದು. ಬರಿಗೈಯಲ್ಲಿ ಮುಟ್ಟದೆ ಕೂಡಲೇ ಪಶುವೈದ್ಯ ಇಲಾಖೆಗೆ ತಿಳಿಸಿ.

ಇಂತಿ,
ಕೋಳಿ ಸಾಕುವ ಒಬ್ಬ ಓದುಗ