ರೆಕಾರ್ಡಿನಲ್ಲಿ ಹದಿನೈದು, ಕಂಪ್ಯೂಟರಿನಲ್ಲಿ ಆರು

ಮಾನ್ಯ ಸಂಪಾದಕರೇ,

ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಗೆ ಹೊಂದಿಕೊಂಡ ಗಲ್ಲಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಸೆಮಿಸ್ಟರ್ ಮುಗಿಯುವ ಹೊತ್ತಿನ ಹದಿನೈದು ದಿನ ನನಗೆ ಸುಗ್ಗಿ. ಮೊದಲ ವರ್ಷದ ಬಿಸಿಎ ಮಕ್ಕಳು ಸೀನಿಯರ್‌ಗಳ ಲ್ಯಾಬ್ ರೆಕಾರ್ಡ್ ತಂದು, ‘ಅಣ್ಣಾ, ಎರಡೂ ಕಡೆ ಬರ್ಲಿ, ಬಸ್ಸಿಗೆ ಟೈಮಾಯ್ತು’ ಅಂತ ಅವಸರ ಮಾಡುತ್ತಾರೆ. ಬಾಗೇಪಲ್ಲಿಗೋ ಶಿಡ್ಲಘಟ್ಟಕ್ಕೋ ಹೋಗಿ, ರಾತ್ರಿ ಕೂತು ಅದನ್ನೇ ತಮ್ಮ ರೆಕಾರ್ಡಿಗೆ ಇಳಿಸುತ್ತಾರೆ. ಆ ಬರವಣಿಗೆಗೆ ಅಂಕ ಇದೆ. ಅದು ಬೇಡ ಎಂದು ಬರೆಯುವುದು ನನ್ನ ಹೊಟ್ಟೆ ಮೇಲೆ ನಾನೇ ಹೊಡೆದುಕೊಂಡ ಹಾಗೆ. ಆದರೆ ಈ ಸಲ ಅಂಥದೊಂದು ರೆಕಾರ್ಡ್ ನನ್ನ ಮನೆಗೇ ಬಂತು.

ಗುಡಿಬಂಡೆಯ ನನ್ನ ಅಕ್ಕನ ಮಗಳು ನಮ್ಮಲ್ಲಿದ್ದುಕೊಂಡು ಬಿಸಿಎ ಓದುತ್ತಿದ್ದಾಳೆ. ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ರೆಕಾರ್ಡ್ ಬರೆಯುತ್ತಾ ಕೂತಿದ್ದವಳಿಗೆ, ಬರೀ ಬರೆದು ಬರೆದು ಬೇಜಾರಾಗಿ, ಅದರಲ್ಲಿದ್ದ ಪ್ರೋಗ್ರಾಂ ಒಂದನ್ನು ಮೊಬೈಲಿನ ಆ್ಯಪ್‌ನಲ್ಲಿ ಟೈಪ್ ಮಾಡಿ ಓಡಿಸುವ ಮನಸ್ಸಾಯಿತು. ಒಂದರಿಂದ ಕೊಟ್ಟ ಸಂಖ್ಯೆಯವರೆಗೆ ಕೂಡಿಸುವ ಸಣ್ಣ ಪ್ರೋಗ್ರಾಂ. ರೆಕಾರ್ಡಿನ ಎಡಪುಟದಲ್ಲಿ ಪೆನ್ಸಿಲಿನಲ್ಲಿ ಔಟ್‌ಪುಟ್ ಬರೆದಿತ್ತು: 5 ಕೊಟ್ಟರೆ 15. ‘ಮಾಮಾ, ಇಲ್ಲಿ ಆರು ಬರ್ತಿದೆ’ ಅಂದಳು.

ನಾನೂ ಒಂದು ಕಾಲದ ಬಿಸಿಎ. ಕನ್ನಡಕ ಹಾಕಿಕೊಂಡು ನೋಡಿದೆ. ಕೂಡಿಸುವ ಸಾಲನ್ನು ಮತ್ತೆ ಮತ್ತೆ ನಡೆಸಬೇಕಾದ ಫಾರ್ ಲೂಪಿನ ಕಂಸ ಮುಗಿದ ಕೂಡಲೇ, ‘ಆಜ್ಞೆ ಇಲ್ಲಿಗೆ ಮುಗಿಯಿತು’ ಎನ್ನುವ ಸೆಮಿಕೋಲನ್ ಒಂದು ಬಿದ್ದಿತ್ತು. ಅಲ್ಲಿಗೆ ಲೂಪ್ ಖಾಲಿ ಗಾಣದ ಹಾಗೆ ಸುಮ್ಮನೆ ತಿರುಗಿ ನಿಲ್ಲುತ್ತದೆ. ಅಷ್ಟರಲ್ಲಿ ಎಣಿಕೆ 6ಕ್ಕೆ ಬಂದಿರುತ್ತದೆ. ಕೂಡಿಸುವ ಸಾಲು ಆಮೇಲೆ ಒಂದೇ ಒಂದು ಸಲ ನಡೆದು, ಸೊನ್ನೆಗೆ ಆರು ಸೇರಿಸಿ ಕೈತೊಳೆದುಕೊಳ್ಳುತ್ತದೆ. ಮಾರನೇ ದಿನ ಅಂಗಡಿಯಲ್ಲಿ ಹಾಳಾದ ಕಾಪಿಗಳ ಕಟ್ಟು ಬಿಚ್ಚಿ ಹುಡುಕಿದೆ. ಹಿಂದಿನ ಎರಡು ಬ್ಯಾಚಿನ ಪುಟಗಳು ಸಿಕ್ಕವು. ಅದೇ ಪ್ರೋಗ್ರಾಂ, ಅದೇ ಜಾಗದಲ್ಲಿ ಅದೇ ಸೆಮಿಕೋಲನ್, ಎದುರಿಗೆ ಅದೇ ಹದಿನೈದು, ಕೆಳಗೆ ಉಪನ್ಯಾಸಕರ ಸಹಿ. ಮೂರು ವರ್ಷ ಬರೆದವರೂ ಓಡಿಸಿಲ್ಲ, ಸಹಿ ಹಾಕಿದವರೂ ಓದಿಲ್ಲ. ಅಂಕ ಮಾತ್ರ ಎಲ್ಲರಿಗೂ ಬಂದಿದೆ.

ಇನ್ನು ಪ್ರಾಕ್ಟಿಕಲ್ ಪರೀಕ್ಷೆ. ಚೀಟಿ ಎತ್ತಬೇಕು, ಬಂದ ಪ್ರೋಗ್ರಾಂ ಮೊದಲು ಹಾಳೆಯಲ್ಲಿ ಬರೆಯಬೇಕು, ಆಮೇಲೆ ಎಕ್ಸಿಕ್ಯೂಷನ್, ಅಂದರೆ ಕಂಪ್ಯೂಟರಿನಲ್ಲಿ ಓಡಿಸಿ ತೋರಿಸುವುದು, ಕೊನೆಗೆ ವೈವಾ ಎಂಬ ಮೌಖಿಕ ಪರೀಕ್ಷೆ. ಚೀಟಿಯಲ್ಲಿ ಬರುವುದು ರೆಕಾರ್ಡಿನಲ್ಲಿರುವ ಪ್ರೋಗ್ರಾಮೇ, ಅಕ್ಷರವೂ ಬದಲಾಗದು. ಹಾಗಾಗಿ ಮಕ್ಕಳು ಪದ್ಯ ಬಾಯಿಪಾಠ ಮಾಡಿದಂತೆ ಪ್ಯಾಲಿಂಡ್ರೋಮ್, ಫಿಬೊನಾಚಿ, ಮ್ಯಾಟ್ರಿಕ್ಸ್ ಗುಣಾಕಾರ ಎಲ್ಲ ಉರು ಹೊಡೆಯುತ್ತಾರೆ. ವೈವಾದ ಪ್ರಶ್ನೋತ್ತರವೂ ನನ್ನ ಅಂಗಡಿಯಲ್ಲೇ ನಾಲ್ಕು ಪುಟದ ಜೆರಾಕ್ಸ್ ಆಗಿ ಸಿಗುತ್ತದೆ. ಸಿ ಭಾಷೆ ರೂಪಿಸಿದ್ದು ಯಾರು? ಡೆನ್ನಿಸ್ ರಿಚಿ, 1972, ಬೆಲ್ ಲ್ಯಾಬ್ಸ್. ಇದು ತಪ್ಪುವ ಮಗು ಇಡೀ ಜಿಲ್ಲೆಯಲ್ಲಿ ಸಿಗಲಿಕ್ಕಿಲ್ಲ.

ಲ್ಯಾಬಿನಲ್ಲಿ ಸಿ ಪ್ರೋಗ್ರಾಂ ಬರೆದು ಓಡಿಸಲು ಈಗಲೂ ಟರ್ಬೊ ಸಿ. 1987ರಲ್ಲಿ ಬಂದ, ನೀಲಿ ಪರದೆಯ ಅದೇ ತಂತ್ರಾಂಶ. ನಾನು ಓದುವಾಗ ಚಿಕ್ಕಬಳ್ಳಾಪುರ ಕೋಲಾರ ಜಿಲ್ಲೆಯಲ್ಲಿತ್ತು, ಪದವಿ ಬೆಂಗಳೂರು ವಿಶ್ವವಿದ್ಯಾಲಯದ್ದು. 2007ರಲ್ಲಿ ನಮ್ಮದೇ ಜಿಲ್ಲೆಯಾಯಿತು, 2017ರಲ್ಲಿ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಬಂತು, 2021ರಲ್ಲಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಎಂದು ನಾಲ್ಕು ವರ್ಷದ ಪದವಿ ಮಾಡಿದರು, 2024ರಲ್ಲಿ ಮತ್ತೆ ಮೂರಕ್ಕೆ ಇಳಿಸಿದರು. ನೀಲಿ ಪರದೆ ಕದಲಲಿಲ್ಲ.

ಹಳೆಯದು ಅನ್ನುವುದೇ ನನ್ನ ತಕರಾರಲ್ಲ. ಟರ್ಬೊ ಸಿಯಲ್ಲಿ ‘ಇಂಟ್’, ಅಂದರೆ ಪೂರ್ಣಾಂಕ ಇಡುವ ಜಾಗ, ಬರೀ ಎರಡು ಬೈಟ್. 32,767 ದಾಟಿದ ಸಂಖ್ಯೆ ಅದರಲ್ಲಿ ಹಿಡಿಸುವುದಿಲ್ಲ. ಅದಕ್ಕೇ 8ರ ಫ್ಯಾಕ್ಟೋರಿಯಲ್ (ಒಂದರಿಂದ ಎಂಟರವರೆಗಿನ ಗುಣಾಕಾರ) ಕೇಳಿದರೆ 40320 ಬರುವ ಬದಲು ಮೈನಸ್ 25216 ಬರುತ್ತದೆ. ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಇಂದಿನ ಕಂಪೈಲರ್‌ಗಳಲ್ಲಿ ಸಾಮಾನ್ಯವಾಗಿ ಇಂಟ್‌ಗೆ ನಾಲ್ಕು ಬೈಟ್, ಹಾಗಾಗಿ ಮೊಬೈಲಿನಲ್ಲಿ ಸರಿ ಉತ್ತರ ಬರುತ್ತದೆ. ನಮ್ಮ ಹುಡುಗಿ ಎರಡನ್ನೂ ನೋಡಿ, ಯಾಕೆ ಹೀಗೆ ಎಂದು ಲ್ಯಾಬಿನಲ್ಲಿ ಕೇಳಿದ್ದಾಳೆ. ‘ಎಕ್ಸ್‌ಟರ್ನಲ್ ಬಂದಾಗ ಏಳಕ್ಕಿಂತ ಜಾಸ್ತಿ ಕೊಡ್ಬೇಡಮ್ಮ’ ಎಂಬ ಉತ್ತರ ಸಿಕ್ಕಿತು. ಎಕ್ಸ್‌ಟರ್ನಲ್ ಎಂದರೆ ಹೊರಗಿನಿಂದ ಬರುವ ಪರೀಕ್ಷಕರು. ಇಡೀ ಸೆಮಿಸ್ಟರಿನಲ್ಲಿ ಒಂದು ಮಗು ತಾನಾಗಿ ಕೇಳಿದ ಪ್ರಶ್ನೆ ಅದು. ಅರ್ಧ ಗಂಟೆ ಕೂತು ಹೇಳಿಕೊಡಬಹುದಾದ ಪಾಠ!

ಉಪನ್ಯಾಸಕರನ್ನು ದೂರುವುದೂ ಸುಲಭವಲ್ಲ. ಹೆಚ್ಚಿನವರು ಅತಿಥಿ ಉಪನ್ಯಾಸಕರು, ಮುಂದಿನ ವರ್ಷ ಇರುತ್ತೇವೋ ಇಲ್ಲವೋ ಎಂದು ಗೊತ್ತಿಲ್ಲದವರು. ಅರುವತ್ತು ರೆಕಾರ್ಡಿನ ಪ್ರತಿ ಪುಟ ಓದಿ ಸಹಿ ಹಾಕಿ ಅಂದರೆ ಆಗುವ ಮಾತಲ್ಲ. ಅದಕ್ಕೇ ಹೇಳುವುದು, ಓದಲಾಗದ ರೆಕಾರ್ಡಿಗೆ ಅಂಕ ಯಾಕೆ?

ಐಐಟಿ ಮದ್ರಾಸ್ 2020ರಲ್ಲಿ ಶುರು ಮಾಡಿದ ಆನ್‌ಲೈನ್ ಪದವಿಗೆ ಸೇರಿದ ಹುಡುಗನೊಬ್ಬ ಪ್ರಿಂಟ್ ತೆಗೆಸಲು ನನ್ನಲ್ಲಿಗೆ ಬರುತ್ತಾನೆ. ಅವನಿಗೆ ಪ್ರೋಗ್ರಾಮಿಂಗ್ ವಿಷಯದಲ್ಲಿ ವಾರವಾರವೂ ಪ್ರೋಗ್ರಾಂ ಬರೆದು ಕಳಿಸುವ ಕೆಲಸ. ತಿದ್ದುವುದು ಕಂಪ್ಯೂಟರೇ: ಬೇರೆಬೇರೆ ಇನ್‌ಪುಟ್ ಕೊಟ್ಟು ಉತ್ತರ ಸರಿ ಇದೆಯೇ ನೋಡುತ್ತದೆ, ಅದರಲ್ಲಿ ಕೆಲವು ಇನ್‌ಪುಟ್ ಅವನ ಕಣ್ಣಿಗೇ ಬೀಳುವುದಿಲ್ಲ. ಅಲ್ಲಿ ಪೆನ್ಸಿಲಿನಲ್ಲಿ 15 ಎಂದು ಬರೆದರೆ ನಡೆಯದು. ನಮ್ಮ ಕಾಲೇಜುಗಳಿಗೆ ಅಷ್ಟೆಲ್ಲ ವ್ಯವಸ್ಥೆ ನಾಳೆಯೇ ಬರಲಿ ಎಂದು ನಾನು ಕೇಳುತ್ತಿಲ್ಲ.

ಕೇಳುವುದು ಇಷ್ಟೇ. ರೆಕಾರ್ಡಿಗೆ ಇಟ್ಟಿರುವ ಅಂಕವನ್ನು ವಾರದ ಲ್ಯಾಬಿನಲ್ಲಿ ಕಣ್ಣೆದುರೇ ಓಡಿದ ಪ್ರೋಗ್ರಾಮಿಗೆ ಕೊಡಲಿ. ಪರೀಕ್ಷೆಯ ದಿನ ಚೀಟಿಯ ಪ್ರೋಗ್ರಾಂ ಓಡಿದ ಮೇಲೆ ಎಕ್ಸ್‌ಟರ್ನಲ್ ಒಂದು ಸಣ್ಣ ಬದಲಾವಣೆ ಹೇಳಲಿ: ಒಂದರಿಂದ ಕೂಡಿಸಿದ್ದೀಯ, ಈಗ ಸಮಸಂಖ್ಯೆ ಮಾತ್ರ ಕೂಡಿಸು, ಏರಿಕೆ ಕ್ರಮದಲ್ಲಿ ಜೋಡಿಸಿದ್ದೀಯ, ಇಳಿಕೆ ಮಾಡು. ಬದಲಿಸಬೇಕಾದದ್ದು ಒಂದೋ ಎರಡೋ ಸಾಲು, ಹಿಡಿಯುವುದು ಐದು ನಿಮಿಷ. ಹಾಳೆಯಲ್ಲಿ ಬರೆಯುವುದಕ್ಕೆ ಕೊಡುವ ಅಂಕದಲ್ಲಿ ಅರ್ಧ ಅದಕ್ಕೆ ಹೋಗಲಿ. ಮನೆಯಲ್ಲಿ ತೆಲುಗು, ಹತ್ತರವರೆಗೆ ಕನ್ನಡ ಮಾಧ್ಯಮ ಇರುವ ನಮ್ಮ ಕಡೆಯ ಮಕ್ಕಳಿಗೆ ಇಂಗ್ಲಿಷಿನ ಎರರ್ ಮೆಸೇಜ್ ಓದುವುದು ಹೇಗೆ ಎಂದು ಮೊದಲ ಎರಡು ಲ್ಯಾಬಿನಲ್ಲಿ ಹೇಳಿಕೊಟ್ಟರೆ ಇನ್ನೂ ಒಳ್ಳೆಯದು. ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿ ಮನಸ್ಸು ಮಾಡಿದರೆ ಮುಂದಿನ ಬ್ಯಾಚಿಗೇ ಇದು ಸಾಧ್ಯ.

ಅಂದ ಹಾಗೆ, ಆ ಸೆಮಿಕೋಲನ್ ತೆಗೆದು ಬರೆದರೆ ಸೀನಿಯರ್ ರೆಕಾರ್ಡಿಗೆ ತಾಳೆಯಾಗದೆ ಅಂಕ ಹೋಗುತ್ತದೋ ಎಂದು ನಮ್ಮ ಹುಡುಗಿ ಎರಡು ದಿನ ಒದ್ದಾಡಿದಳು. ಕೊನೆಗೆ ತೆಗೆದೇ ಬರೆದಳು. ಸಹಿ ಬಿತ್ತು, ಯಾರೂ ಏನೂ ಕೇಳಲಿಲ್ಲ.

— ಒಬ್ಬ ಜೆರಾಕ್ಸ್ ಅಂಗಡಿಯವ, ಚಿಕ್ಕಬಳ್ಳಾಪುರ